ಬಿಎಂಡಬ್ಲ್ಯು ವಿಮಾನ ಎಂಜಿನ್ ಫ್ಯಾಕ್ಟರಿ: ಕೈದಿಗಳ ಕೂಲಿ ಯಾರ ಕೈ ಸೇರಿತು?

ಬಿಎಂಡಬ್ಲ್ಯು ಅಂದ ಕೂಡಲೇ ನಮ್ಮ ಹುಡುಗರಿಗೆ ನೆನಪಾಗುವುದು ಕಾರು, ಬೈಕು. ಆದರೆ ಜರ್ಮನಿಯ ಮ್ಯೂನಿಕ್‌ನ ಈ ಕಂಪೆನಿ ಮೊದಲು ಮಾಡಿದ್ದು ವಿಮಾನದ ಎಂಜಿನ್. ಬೈಕಿಗೆ ಇಳಿದದ್ದು 1923ರಲ್ಲಿ, ಕಾರಿಗೆ 1928ರಲ್ಲಿ. (ಅದರ ಲಾಂಛನ ತಿರುಗುವ ಪ್ರೊಪೆಲ್ಲರ್ ಅಂತ ಹೇಳುವುದುಂಟು, ಸರಿಯಲ್ಲ. ಅದು ಬವೇರಿಯಾ ರಾಜ್ಯದ ನೀಲಿ-ಬಿಳಿ ಬಣ್ಣ.)

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯುದ್ಧವಿಮಾನದ ಎಂಜಿನ್‌ಗೆ ಬೇಡಿಕೆ ಏರಿತು. ಮ್ಯೂನಿಕ್ ಹೊರವಲಯದ ಆಲಾಖ್ ಎಂಬಲ್ಲಿ, ಕಾಡಿನ ಮರೆಯಲ್ಲಿ ಹೊಸ ಫ್ಯಾಕ್ಟರಿ ಎದ್ದಿತು. ಅಲ್ಲಿನ ಮುಖ್ಯ ಸರಕು 'ಬಿಎಂಡಬ್ಲ್ಯು 801'. ಎರಡು ಸಾಲಿನಲ್ಲಿ 14 ಸಿಲಿಂಡರ್, ಗಾಳಿಯಿಂದಲೇ ತಂಪಾಗುವ ಎಂಜಿನ್. ಫೊಕ್ಕೆ-ವುಲ್ಫ್ 190 ಯುದ್ಧವಿಮಾನಕ್ಕೆ ಇದೇ ಜೀವ. ಪೈಲಟ್ ಒಂದು ಲಿವರ್ ಎಳೆದರೆ ಸಾಕು, ಇಂಧನ, ಪ್ರೊಪೆಲ್ಲರ್ ಎಲ್ಲವನ್ನೂ ಯಂತ್ರವೇ ಹೊಂದಿಸಿಕೊಳ್ಳುತ್ತಿತ್ತು. ಆ ಕಾಲಕ್ಕೆ ದೊಡ್ಡ ಸಾಧನೆಯೇ, ಒಪ್ಪಬೇಕು.

ಇದನ್ನು ತಯಾರಿಸಿದವರು ಯಾರು ಅಂತ ಕೇಳಿದರೆ ಕಥೆ ಬೇರೆ. ಜರ್ಮನ್ ಗಂಡಸರು ಯುದ್ಧಕ್ಕೆ ಹೋಗಿದ್ದರು. ಆಕ್ರಮಿಸಿದ ದೇಶಗಳಿಂದ ಜನರನ್ನು ಬಲವಂತವಾಗಿ ತಂದರು, ಯುದ್ಧಕೈದಿಗಳನ್ನೂ ದುಡಿಸಿದರು. ಅದೂ ಸಾಲದೆ ಸಮೀಪದ ಡಾಖಾವ್ ಯಾತನಾ ಶಿಬಿರದ ಕೈದಿಗಳನ್ನು ಕರೆತಂದರು. 1943ರಲ್ಲಿ ಫ್ಯಾಕ್ಟರಿ ಹತ್ತಿರವೇ ಅದರದ್ದೊಂದು ಉಪಶಿಬಿರ ಬಂತು.

ಬಿ.ಕಾಂ. ಓದಿ ಸಣ್ಣ ವ್ಯಾಪಾರ ಮಾಡುವ ನನಗೆ ಇಲ್ಲಿ ಎದ್ದು ಕಂಡದ್ದು ಲೆಕ್ಕ. ಶಿಬಿರ ನಡೆಸುತ್ತಿದ್ದ ಹಿಟ್ಲರನ ಎಸ್‌ಎಸ್ ಪಡೆ ಕೈದಿಗಳನ್ನು ಕಂಪೆನಿಗಳಿಗೆ ದಿನಬಾಡಿಗೆಗೆ ಕೊಡುತ್ತಿತ್ತು. ಸಾಮಾನ್ಯ ದರ ಕಸುಬು ಗೊತ್ತಿದ್ದವನಿಗೆ 6 ಮಾರ್ಕ್, ಇಲ್ಲದವನಿಗೆ 4. ದುಡ್ಡು ಹೋಗುವುದು ಎಸ್‌ಎಸ್‌ಗೆ, ಕೈದಿಗೆ ಕೂಲಿ ಇಲ್ಲ. ಕಾಗದದಲ್ಲಿ ನೋಡಿದರೆ ಎಲ್ಲ ಸರಿ: ಬಿಲ್ ಇದೆ, ಪಾವತಿ ಇದೆ. ಮನುಷ್ಯ ಬಿದ್ದುಹೋದರೆ ದೊಡ್ಡ ಶಿಬಿರದಿಂದ ಇನ್ನೊಬ್ಬ ಬರುತ್ತಾನೆ, ಅಂಗಡಿಗೆ ಹೊಸ ಸ್ಟಾಕ್ ತರಿಸಿದ ಹಾಗೆ.

1945ರ ಏಪ್ರಿಲ್ 30ರಂದು ಅಮೆರಿಕದ ಸೈನ್ಯ ಆಲಾಖ್ ಶಿಬಿರಕ್ಕೆ ತಲುಪಿತು. ಫ್ಯಾಕ್ಟರಿ ಕೆಲವು ವರ್ಷ ಅವರ ವಾಹನ ರಿಪೇರಿಯ ಜಾಗವಾಯಿತು. ಈಗ ಅಲ್ಲಿ ಮ್ಯಾನ್ ಕಂಪೆನಿಯ ಟ್ರಕ್ ಘಟಕವೂ, ಎಂಟಿಯು ಕಂಪೆನಿಯ ವಿಮಾನ ಎಂಜಿನ್ ಘಟಕವೂ ಇವೆ.

ಬಾಕಿ ಕೂಲಿಯ ಪ್ರಶ್ನೆ ಅರ್ಧ ಶತಮಾನ ಹಾಗೆಯೇ ಉಳಿಯಿತು. 2000ದಲ್ಲಿ ಜರ್ಮನ್ ಸರಕಾರ ಮತ್ತು ಕಂಪೆನಿಗಳು ಅರ್ಧರ್ಧ ಹಾಕಿ 1,000 ಕೋಟಿ ಮಾರ್ಕಿನ ನಿಧಿ ಮಾಡಿದವು. ಬಿಎಂಡಬ್ಲ್ಯು ಕೂಡ ಅದರಲ್ಲಿತ್ತು. ಶಿಬಿರದಲ್ಲಿ ದುಡಿದವರಿಗೆ ಹೆಚ್ಚೆಂದರೆ ತಲಾ 15,000 ಮಾರ್ಕ್, ಅದೂ ಒಂದೇ ಸಲ. 1999ರ ಫೆಬ್ರವರಿಗಿಂತ ಮೊದಲೇ ತೀರಿಕೊಂಡವರ ಮಕ್ಕಳಿಗೆ ಈ ನಿಧಿಯಿಂದ ಕೂಲಿಯ ಪರಿಹಾರ ಸಿಗಲಿಲ್ಲ.