ಅಂಗಳದ ಬೆಂಚು ಏಕೆ ಸಡಿಲಾಗುತ್ತದೆ?

ಬಯಲಲ್ಲಿಟ್ಟ ಸಾಗುವಾನಿ ಬೆಂಚು ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಅಲುಗಾಡತೊಡಗಿದರೆ ಮರ ಕೊಳೆಯಿತೆಂದು ತೀರ್ಮಾನಿಸಬೇಡಿ. ಸಾಗುವಾನಿಯ ಚೇಗು ಅಷ್ಟು ಬೇಗ ಕೊಳೆಯುವುದಿಲ್ಲ. ಮೊದಲು ಬಿಡುವುದು ಸಂದುಗಳು.

ಒಣಗಿಸಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಬೇಸಿಗೆಯಲ್ಲಿ ಅದರೊಳಗಿನ ನೀರು ಒಣತೂಕದ ಶೇ. 10ರಷ್ಟಿದ್ದರೆ, ಜಡಿಮಳೆಯಲ್ಲಿ ಶೇ. 18ರ ಹತ್ತಿರ ಹೋಗಬಹುದು. ಆಗ 100 ಮಿ.ಮೀ. ಅಗಲದ ಸಾಗುವಾನಿ ಹಲಗೆ ಒಂದೂವರೆ ಮಿ.ಮೀ.ವರೆಗೂ ಹಿಗ್ಗುತ್ತದೆ. ಉದ್ದದಲ್ಲಿ ಮಾತ್ರ ಬದಲಾವಣೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ತೊಂದರೆ ಹುಟ್ಟುವುದು ಇಲ್ಲೇ. ಬೆಂಚಿನ ಕಾಲಿನ ಎಳೆಗಳು ನೆಟ್ಟಗೆ ಮೇಲಕ್ಕೆ, ಅದಕ್ಕೆ ಕೂರಿಸಿದ ಪಟ್ಟಿಯ ಎಳೆಗಳು ಅಡ್ಡಕ್ಕೆ. ಪಟ್ಟಿ ಅಗಲವಾಗಲು ನೋಡುತ್ತದೆ, ಕಾಲು ಆ ದಿಕ್ಕಿನಲ್ಲಿ ಕದಲುವುದಿಲ್ಲ. ವರ್ಷವರ್ಷವೂ ನಡೆಯುವ ಈ ಎಳೆದಾಟವನ್ನೆಲ್ಲ ತಾಳಬೇಕಾದದ್ದು ಕಾಗದಕ್ಕಿಂತ ತೆಳುವಾದ ಅಂಟಿನ ಪದರ.

ಬಡಗಿಗಳು ನಿತ್ಯ ಬಳಸುವ ಬಿಳಿ ಅಂಟು ಎಂದರೆ ಪಾಲಿವಿನೈಲ್ ಅಸಿಟೇಟ್ (ಪಿವಿಎ) ಎಂಬ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲಿಬಿಟ್ಟದ್ದು. ನೀರು ಆರಿದಂತೆ ಕಣಗಳು ಬೆರೆತು ಗಟ್ಟಿಯಾಗುತ್ತವೆ. ಮನೆಯೊಳಗಿನ ಮೇಜಿಗೆ ಇದು ಧಾರಾಳ ಸಾಕು. ಆದರೆ ಇದರ ಅಣುಸರಪಳಿಗಳ ನಡುವೆ ಅಡ್ಡಕೊಂಡಿಗಳಿಲ್ಲ. ಬಹುಕಾಲ ನೆನೆದರೆ ಮತ್ತೆ ಮೆತ್ತಗಾಗುತ್ತದೆ. ಹೊರಗಿಡುವ ಸಾಮಾನಿಗೆ ಅಂಥ ಕೊಂಡಿಗಳು ಬೆಳೆಯುವ ಅಂಟೇ ಬೇಕು: ಎಪಾಕ್ಸಿ, ರೆಸಾರ್ಸಿನಾಲ್ ಅಥವಾ ನೀರು ತಡೆಯುವ ಬಗೆಯ ಪಿವಿಎ. ಎರಡನೆಯ ಮಹಾಯುದ್ಧದ ಮರದ ವಿಮಾನ ‘ಮಸ್ಕಿಟೋ’ ಕೂಡ ಹಾಲಿನಿಂದ ತೆಗೆದ ಕೇಸಿನ್ ಅಂಟಿನಿಂದ ಶುರುವಾಗಿ ಆಮೇಲೆ ಫಾರ್ಮಾಲ್ಡಿಹೈಡ್ ಅಂಟಿಗೆ ಬದಲಾಯಿತು.

ಸಾಗುವಾನಿಗೆ ಇನ್ನೊಂದು ಎಚ್ಚರ ಬೇಕು. ಅದನ್ನು ಗೆದ್ದಲಿನಿಂದ ಕಾಯುವ ಎಣ್ಣೆಯಂಥ ಅಂಶಗಳೇ ಅಂಟನ್ನೂ ಹತ್ತಿರ ಬಿಡುವುದಿಲ್ಲ. ಮುಖವನ್ನು ಹೊಸದಾಗಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಬೇಕು. ಎಪಾಕ್ಸಿಯಾದರೆ ಕ್ಲಾಂಪನ್ನು ಬಲವಾಗಿ ಬಿಗಿಯಬಾರದು, ಅಂಟೆಲ್ಲ ಹೊರಬಂದು ಸಂದು ಬರಿದಾಗುತ್ತದೆ. ಅಂಟು ಎಷ್ಟೇ ಒಳ್ಳೆಯದಿರಲಿ, ಸಂದಿಗೆ ಅಡ್ಡಲಾಗಿ ಒಂದು ಮರದ ಗೂಟ ಹೊಡೆಯಿರಿ. ಅಂಟು ಬಿಟ್ಟರೂ ಅದು ಹಿಡಿದಿರುತ್ತದೆ.

ಇನ್ನು ಮೇಲ್ಲೇಪ. ಹೊಳೆಯುವ ವಾರ್ನಿಷನ್ನು ಬಯಲಿನ ಬೆಂಚಿಗೆ ನಾನು ಒಪ್ಪುವುದಿಲ್ಲ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಬಿಸಿಲಿನ ಅತಿನೇರಳೆ ಕಿರಣಕ್ಕೆ ಒಡೆಯುತ್ತದೆ. ಪಾರದರ್ಶಕ ವಾರ್ನಿಷಿನೊಳಗಿಂದ ಆ ಕಿರಣ ಬಹುಮಟ್ಟಿಗೆ ನುಸುಳಿ ಲೇಪದ ಅಡಿಯ ನಾರನ್ನೇ ಸಡಿಲಿಸುತ್ತದೆ. ಬಿರುಕಿನಲ್ಲಿ ಇಳಿದ ನೀರು ಹೊರಬರಲು ದಾರಿ ಸಿಗದೆ ಅಲ್ಲೇ ನಿಲ್ಲುತ್ತದೆ, ವಾರ್ನಿಷ್ ಹಾಳೆಹಾಳೆಯಾಗಿ ಏಳುತ್ತದೆ. ಆಗ ಪೂರ್ತಿ ಕೆರೆದು ತೆಗೆಯದೆ ವಿಧಿಯಿಲ್ಲ. ಎಣ್ಣೆಯಾದರೆ ಮಾಸಿದಾಗ ತೊಳೆದು, ಒಣಗಿಸಿ ಮತ್ತೆ ಒರೆಸಿದರಾಯಿತು. ಬೇರೆ ಅಗ್ಗದ ಮರಕ್ಕೆ ಬಣ್ಣವೇ ವಾಸಿ, ಅದರೊಳಗಿನ ವರ್ಣಕಣಗಳು ಬೆಳಕನ್ನೇ ತಡೆಯುತ್ತವೆ. ಏನನ್ನೂ ಹಚ್ಚದೆ ಬಿಟ್ಟ ಸಾಗುವಾನಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆ ಬದಲಾವಣೆ ಮೇಲ್ಪದರದ್ದಷ್ಟೇ, ಒಳಮರ ಗಟ್ಟಿಯಾಗೇ ಇರುತ್ತದೆ.

ಕಾಲಿನ ತಳವನ್ನು ಮಾತ್ರ ಬರಿದೇ ಬಿಡಬೇಡಿ. ಕಡಿದ ತುದಿಯಲ್ಲಿ ಮರದ ನಾಳಗಳು ಬಾಯಿ ತೆರೆದಿರುತ್ತವೆ, ನಿಂತ ನೀರನ್ನು ಪಕ್ಕದ ಮೈಗಿಂತ ಎಷ್ಟೋ ಬೇಗ ಎಳೆದುಕೊಳ್ಳುತ್ತವೆ. ಅಲ್ಲಿಗೆ ತೆಳು ಎಪಾಕ್ಸಿಯನ್ನು ಎರಡು ಮೂರು ಸಲ ಕುಡಿಸಿ, ಬೆಂಚನ್ನು ಮಣ್ಣಿನ ಮೇಲಲ್ಲದೆ ಚಪ್ಪಡಿ ಕಲ್ಲಿನ ಮೇಲೆ ನಿಲ್ಲಿಸಿ.