ಮಕ್ಕಳ ಟಾನ್ಸಿಲ್ ಬೇನೆ: ಅರೆಮದ್ದು ಅಪಾಯಕರ

ಮಳೆಗಾಲ ಚಳಿಗಾಲಗಳಲ್ಲಿ ಮಗುವು ಊಟವನ್ನು ದೂರ ಸರಿಸಿ, ಉಗುಳು ನುಂಗುವುದಕ್ಕೂ ಅಳುವುದುಂಟು. ಬಾಯಿ ತೆರೆಸಿ ನೋಡಿದರೆ ಗಂಟಲಿನ ಇಕ್ಕೆಲಗಳಲ್ಲಿರುವ ಟಾನ್ಸಿಲ್ ಗ್ರಂಥಿಗಳು ಕೆಂಪಾಗಿ ಊದಿಕೊಂಡಿರುತ್ತವೆ. ರೋಗಾಣುಗಳನ್ನು ತಡೆಯಬೇಕಾದ ಈ ಗ್ರಂಥಿಗಳೇ ಸೋಂಕಿಗೆ ಗುರಿಯಾದಾಗ ಉಂಟಾಗುವ ಬಾವೇ ಟಾನ್ಸಿಲೈಟಿಸ್.

ಈ ಬೇನೆಗೆ ಹೆಚ್ಚಾಗಿ ವೈರಸ್ಸುಗಳೇ ಕಾರಣ. ನೆಗಡಿ, ಕೆಮ್ಮು ಜೊತೆಗಿದ್ದರೆ ಸಾಮಾನ್ಯವಾಗಿ ಅದು ವೈರಸ್ಸಿನದೇ. ಅದಕ್ಕೆ ಆ್ಯಂಟಿಬಯಾಟಿಕ್ ನಿರುಪಯುಕ್ತ. ಸುಮಾರು ಒಂದು ವಾರದಲ್ಲಿ ತಾನಾಗಿಯೇ ಶಮನವಾಗುತ್ತದೆ. ಆದರೆ 5ರಿಂದ 15 ವರ್ಷದ ಮಕ್ಕಳಲ್ಲಿ ಕೆಮ್ಮಿಲ್ಲದೆ ಥಟ್ಟನೆ ಜ್ವರವೇರಿ, ಗ್ರಂಥಿಗಳ ಮೇಲೆ ಬಿಳಿಯ ಕೀವು ಕಾಣಿಸಿ, ಕುತ್ತಿಗೆಯಲ್ಲಿ ನೋಯುವ ಗಡ್ಡೆಗಳೆದ್ದರೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಶಂಕೆಯಿದೆ. ಇದನ್ನು ವೈದ್ಯರೇ ಪರೀಕ್ಷಿಸಿ ನಿರ್ಧರಿಸಬೇಕು.

ಅವರು ಪೆನಿಸಿಲಿನ್ ವರ್ಗದ ಔಷಧವನ್ನು ಸಾಮಾನ್ಯವಾಗಿ 10 ದಿನಗಳಿಗೆ ಬರೆದುಕೊಡುತ್ತಾರೆ. ಮೂರನೆಯ ದಿನ ಜ್ವರ ಇಳಿದೊಡನೆ ಔಷಧ ನಿಲ್ಲಿಸುವುದು ಅನೇಕ ಮನೆಗಳ ರೂಢಿ. ಇದೇ ದೊಡ್ಡ ತಪ್ಪು. ಉಳಿದ ಬ್ಯಾಕ್ಟೀರಿಯಾದ ದೆಸೆಯಿಂದ, ಗಂಟಲ ಬೇನೆ ಮರೆತೇಹೋದ ಎರಡು ಮೂರು ವಾರಗಳ ಬಳಿಕ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರಬಹುದು. ಕೀಲುಗಳು ಊದುತ್ತವೆ, ಹೃದಯದ ಕವಾಟಗಳು ಶಾಶ್ವತವಾಗಿ ಕೆಡಲೂಬಹುದು. ಆದುದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಔಷಧದ ಮೊದಲ ದಿನವನ್ನೂ ಕಡೆಯ ದಿನವನ್ನೂ ಗುರುತು ಮಾಡಿರಿ. ಅಣ್ಣನಿಗೆ ತಂದು ಉಳಿದ ಔಷಧವನ್ನು ತಮ್ಮನಿಗೆ ಕುಡಿಸಬೇಡಿರಿ.

ಆರೈಕೆಯಲ್ಲಿ ವಿಶ್ರಾಂತಿ ಮುಖ್ಯ. ತೆಳು ಗಂಜಿ, ಬೇಳೆಯ ಕಟ್ಟು, ಎಳನೀರನ್ನು ಸ್ವಲ್ಪಸ್ವಲ್ಪವಾಗಿ ಆಗಾಗ ಕೊಡಬೇಕು. ಮುಕ್ಕಳಿಸಿ ಉಗುಳಬಲ್ಲ ಮಕ್ಕಳಿಗೆ ಉಗುರು ಬೆಚ್ಚಗಿನ ಉಪ್ಪುನೀರು ಹಿತಕರ. ನೋವು ಜ್ವರಗಳಿಗೆ ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಸಿಟಮಾಲ್ ಸಾಕು, ಆಸ್ಪಿರಿನ್ ಸಲ್ಲದು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಬಾಯೊಳಗೆ ಬೆರಳಿಟ್ಟು ಗ್ರಂಥಿಯನ್ನು ಒತ್ತುವುದೂ ಕೂಡದು. ಮಗುವಿನ ಲೋಟ, ಚಮಚ, ಟವೆಲುಗಳು ಬೇರೆಯಾಗಿರಲಿ.

ಉಸಿರಾಟ ಕಷ್ಟವಾದರೆ, ನುಂಗಲಾಗದೆ ಜೊಲ್ಲು ಸುರಿದರೆ, ಬಾಯಿ ತೆರೆಯಲಾಗದಿದ್ದರೆ ಅಥವಾ ಮೂತ್ರ ತೀರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಟಾನ್ಸಿಲ್ ಊದಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ವರ್ಷವೊಂದರಲ್ಲಿ 7 ಸಲ, ಇಲ್ಲವೇ ಸತತ ಎರಡು ವರ್ಷ ತಲಾ 5 ಸಲ ತೀವ್ರ ಬೇನೆ ಮರುಕಳಿಸಿದರೆ, ಅಥವಾ ನಿದ್ರೆಯಲ್ಲಿ ಗೊರಕೆಯೊಡನೆ ಉಸಿರು ತಡೆಯುತ್ತಿದ್ದರೆ ತಜ್ಞರು ಆ ಬಗ್ಗೆ ಆಲೋಚಿಸುತ್ತಾರೆ.

ಮಗುವು ಮತ್ತೆ ನಕ್ಕು ಆಡತೊಡಗಿದಾಗ ಮನೆಯವರ ಮನಸ್ಸು ಹಗುರಾಗುವುದು ಸಹಜ. ಆಗಲೂ ತಾಯಿ ಮರೆಯದೆ ಕೊಡುವ ಉಳಿದ ದಿನಗಳ ಔಷಧವೇ ಆ ಎಳೆಯ ಹೃದಯಕ್ಕೆ ರಕ್ಷೆ.