ಬಚ್ಚಲ ಒಲೆ: ಗೋಡೆ ನೋಡಿದರೆ ಸಾಲದು, ಅಟ್ಟ ನೋಡಿ

ಉತ್ತರ ಕನ್ನಡದ ಹೆಗ್ಗರಣೆಯ ಕಡೆ ಅಡುಗೆಗೆ ಗ್ಯಾಸ್ ಬಂದರೂ ಎಷ್ಟೋ ಮನೆಗಳ ಬಚ್ಚಲ ಹಂಡೆಗೆ ಇವತ್ತಿಗೂ ಸೌದೆಯೇ. ಆ ಒಲೆಯನ್ನು ಗೋಡೆಯ ಗೂಡಿನೊಳಗೆ ಕೂರಿಸಿ, ಮೇಲಕ್ಕೆ ಚಿಮಣಿ ಪೈಪು ಬಿಡುವಾಗ, ಗೂಡು ಕಲ್ಲಿನದಾದರೆ ಸಾಕು ಅನ್ನುವ ನಂಬಿಕೆ ಅರ್ಧ ಸತ್ಯ. ಕಲ್ಲು ಉರಿಯುವುದಿಲ್ಲ, ನಿಜ. ಉರಿಯುವುದು ಅದರ ಮೇಲಿನ ಮರದ ತೊಲೆ, ಅಟ್ಟದಲ್ಲಿ ಪೇರಿಸಿದ ಒಣ ಹಾಳೆ, ಸೋಗೆ. ಒಣಮರ ಹೊತ್ತಿಕೊಳ್ಳಲು ಸಾಮಾನ್ಯವಾಗಿ 250 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಬೇಕು. ವರ್ಷಗಟ್ಟಲೆ ಕಾದು ಕರಿಕಟ್ಟಿದ ಮರಕ್ಕೆ ಅಷ್ಟು ಬೇಡ. ಅದಕ್ಕೇ ಅಮೆರಿಕದ ಅಗ್ನಿಸುರಕ್ಷತಾ ನಿಯಮ ಕಬ್ಬಿಣದ ಒಲೆಗೂ ಉರಿಯುವ ವಸ್ತುವಿಗೂ ನಡುವೆ 36 ಇಂಚು, ಒಂಟಿ ಪದರದ ಪೈಪಿಗೆ 18 ಇಂಚು ಅಂತರ ಕೇಳುತ್ತದೆ. ತಗಡಿನ ಮರೆ ಕಟ್ಟಿ, ಅದರ ಹಿಂದೆ ಒಂದು ಇಂಚು ಗಾಳಿಯಾಡುವ ಸಂದು ಬಿಟ್ಟರೆ ಅಂತರ ತಗ್ಗಿಸಬಹುದು. ತಗಡನ್ನು ಮರಕ್ಕೇ ಒತ್ತಿ ಮೊಳೆ ಹೊಡೆದರೆ ಬಿಸಿ ನೇರ ಮರಕ್ಕೇ ಹೋಗುತ್ತದೆ.

"ಅಜ್ಜನ ಕಾಲದಲ್ಲಿ ಇದೆಲ್ಲ ಇತ್ತೇ?" ಎಂದು ಕೇಳಬಹುದು. ಇರಲಿಲ್ಲ; ಆಗಿನ ಒಲೆಗೆ ಪೈಪೂ ಇರಲಿಲ್ಲ. ಹೊಗೆ ಹಂಚಿನ ಸಂದಿಯಲ್ಲಿ ಹರಡಿ ತಣ್ಣಗಾಗುತ್ತಿತ್ತು, ಅದರ ಬೆಲೆಯನ್ನು ಹೆಂಗಸರ ಕಣ್ಣು, ಶ್ವಾಸಕೋಶ ತೆತ್ತವು. ಸೌದೆ ಉಳಿಸಲು, ಹೊಗೆ ಹೊರಹಾಕಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1980ರ ದಶಕದಲ್ಲಿ ಚಿಮಣಿಯ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ತಂದಿತು. ಚಿಮಣಿ ಬೇಕೇ ಬೇಕು. ಆದರೆ ಮಳೆಗಾಲದ ಹಸಿ ಸೌದೆಯ ಹೊಗೆ ಅದರೊಳಗೆ ಹೊಳೆಯುವ ಕಪ್ಪು ಡಾಂಬರಿನಂತೆ ಹೆಪ್ಪುಗಟ್ಟುತ್ತದೆ. ಮುಂದೆ ಒಣ ಸೌದೆಯ ಜ್ವಾಲೆ ತಗುಲಿದರೆ ಅದೇ ಹೊತ್ತಿಕೊಳ್ಳುತ್ತದೆ. ಮಳೆ ಮುಗಿದ ಮೇಲೆ ಪೈಪು ಬಿಚ್ಚಿ ಕೆರೆದು ತೆಗೆಯಿರಿ. ಪೈಪು ಅಟ್ಟ ದಾಟುವಲ್ಲಿ ಹಲಗೆ ಕತ್ತರಿಸಿ ಸುತ್ತ ಜಾಗ ಬಿಡಿಸಿ. ಚಳಿಯೆಂದು ಬಚ್ಚಲಿನ ಕಿಟಕಿ ಪೂರ್ತಿ ಮುಚ್ಚಬೇಡಿ, ಉರಿಯಿಂದ ಹೊರಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.